ಪಟ್ಟಣದ ಭಾಷೆಯಲ್ಲಿ ಮೂರು ಪದ

ಬೇರ್ಷೆಬದ ಹಳ್ಳದ ದಡ
ನಡುವಿನ ಬಾವಿ ಬತ್ತಿದ ವರ್ಷ, ಜವೆಗೋದಿ ಕೊಯ್ಲಿನ ತಿಂಗಳು, ಚಂದ್ರ ಅರ್ಧ ತುಂಬಿದ ಮಾರನೆಯ ದಿನ

ಹಾರಾನಿನ ಉಣ್ಣೆ ಬೀದಿಯಲ್ಲಿರುವ ಯಂತಿನನಿಗೆ ಹೇಳು, ಓದುವವನೇ, ಎಲ್ದಾದನು ಹೀಗೆನ್ನುತ್ತಾನೆ:

ಅದಕ್ಕೇ ನಾನು ಅಂದದ್ದು, ಆ ಕುಂಟು ಮೇಕೆ ಸತ್ತದ್ದು ತೋಳದಿಂದಲ್ಲ, ಬಾಯಾರಿ. ನಿನ್ನೆಯ ಹಲಗೆ ಅಲ್ಲಿಗೆ ತುಂಬಿಹೋಯಿತು. ತಿರುಗಿಸಿ ಹಿಂದುಗಡೆಯೂ ಬರೆದೆ. ಕೊನೆಗೆ ಹೆಬ್ಬೆರಳು ಊರಲೂ ಜಾಗ ಉಳಿಯಲಿಲ್ಲ. ಈ ಬೆಳಿಗ್ಗೆ ಎದ್ದು ಓದಿ ನೋಡುತ್ತೇನೆ, ಅದರ ತುಂಬ ಮೇಕೆಗಳೇ. ಮೂರು ವರ್ಷದ ಮೇಲೆ ಮಗನಿಗೆ ಬರೆಯುವ ಪತ್ರದಲ್ಲಿ ಹದಿನಾಲ್ಕು ಮೇಕೆಗಳ ಯೋಗಕ್ಷೇಮ! ನಿನ್ನ ಅವ್ವ ಹೊಗ್ಲಾ ಕೇಳಿದ್ದರೆ, "ಓದಿದೋರ ಹಣೆಬರಾನೇ ಇಷ್ಟು, ಹಾಲು ಕರೆಯೋದ್ ಬಿಟ್ಟು ಮೇಕೆ ಹೆಸರು ಬರ್ಕೊಂಡು ಕೂತಿರ್ತಾರೆ" ಅನ್ನುತ್ತಿದ್ದಳು. ಆದ್ದರಿಂದ ಇವತ್ತು ಹೊಸ ಮಣ್ಣು ನಾದಿ, ಹೊಸ ಹಲಗೆ ತಟ್ಟಿಕೊಂಡು ಕೂತಿದ್ದೇನೆ. ಮಿಬ್ಸಾಮನ ಕತ್ತೆಗಳ ಸಾಲು ನಾಳೆ ಬೆಳಿಗ್ಗೆ ಈ ದಾರಿಯಲ್ಲಿ ಉತ್ತರಕ್ಕೆ ಹೋಗುತ್ತದೆ. ಅಷ್ಟರೊಳಗೆ ಹೇಳಬೇಕಾದ್ದನ್ನು ಹೇಳಿ ಒಣಗಿಸಬೇಕು. ಬಾವಿ ಬತ್ತಿದರೂ ಹಳ್ಳದ ದಡದಲ್ಲಿ ಒಂದು ಮೊಳ ಅಗೆದರೆ ಒಳ್ಳೆಯ ಜೇಡಿಮಣ್ಣು ಸಿಗುತ್ತದೆ. ಕುಡಿಯಲು ನೀರಿಲ್ಲ, ಬರೆಯಲು ಇದೆ.

ಓದುವವನೇ, ನಿನಗೂ ಒಂದು ಮಾತು. ನೀನು ಯಾರೋ ನನಗೆ ಗೊತ್ತಿಲ್ಲ. ಹಾರಾನಿನ ಪೇಟೆಬಾಗಿಲಲ್ಲಿ ಕೂತು ಊರವರ ಪತ್ರಗಳನ್ನು ಓದಿ ಹೇಳುವ ಯಾರೋ ಒಬ್ಬ ವಿದ್ಯಾವಂತ. ನನ್ನ ಗೀರುಗಳನ್ನು ನೋಡಿ ನಗಬೇಡ. ನಾನೂ ಒಂದು ಕಾಲದಲ್ಲಿ ನಿಮ್ಮೂರಿನ ಹಲಗೆಮನೆಯಲ್ಲಿ ಎರಡು ಚಳಿಗಾಲ ಕಲಿತವನೇ. ನಮ್ಮಪ್ಪನಿಗೆ, ಕುರಿ ಕಾಯುವವರಲ್ಲಿ ಒಬ್ಬನಾದರೂ ಪಟ್ಟಣದವರ ಗೀರು ಬಲ್ಲವನಿರಲಿ ಎಂಬ ಆಸೆ. ಗುರುವು ಜೊಂಡಿನ ಕಡ್ಡಿಯಿಂದ ಬೆರಳ ಗೆಣ್ಣಿಗೆ ಹೊಡೆದು ಕಲಿಸಿದ. "ನನ್ನ ಒಡೆಯನು ದೀರ್ಘಕಾಲ ಬಾಳಲಿ" ಎಂಬುದು ಈಗಲೂ ನಿದ್ದೆಗಣ್ಣಿನಲ್ಲಿ ಬರುತ್ತದೆ. ನಿಮ್ಮ ಭಾಷೆಯ ಮೀನುಗಳ ಹೆಸರಿನ ಪಟ್ಟಿ ಮೊದಲಿಂದ ಕೊನೆಯವರೆಗೆ ಬರುತ್ತದೆ. ಈ ಒಣನೆಲದಲ್ಲಿ ಮೀನಿನ ಹೆಸರು ಹಿಡಿದುಕೊಂಡು ಯಾರ ಹತ್ತಿರ ಹೋಗಲಿ? ಉಳಿದದ್ದೆಲ್ಲ ಅರ್ಧ ಮರೆತಿದೆ. ನಮ್ಮ ಮಾತನ್ನೇ ನಿಮ್ಮ ಗೀರಿನಲ್ಲಿ ಬರೆಯುತ್ತಿದ್ದೇನೆ, ತಡವರಿಸದೆ ಓದು. ಯಂತಿನನಿಗೆ ಗೊತ್ತಿರುವ ಸಂಗತಿಗಳನ್ನೂ ಬರೆಯುತ್ತೇನೆ, ಅವು ನಿನಗಾಗಿ. ನಿನಗೇಕೆ ತಿಳಿಯಬೇಕು ಎಂಬುದನ್ನು ಆಮೇಲೆ ಹೇಳುತ್ತೇನೆ.

ಯಂತಿನ್, ಇಲ್ಲಿ ಈಗ ನಾನು ಮತ್ತು ನಿನ್ನ ತಮ್ಮ ಯಶೂಬ್ ಇಬ್ಬರೇ. ಮಂದೆಯೆಲ್ಲ ನಾಲ್ಕು ದಿನದ ಹಿಂದೆ ಉತ್ತರದ ಹುಲ್ಲಿಗೆ ಹೋಯಿತು. ಕುರಿಗಾಹಿ ಗೇರ ಎಷ್ಟು ಹೇಳಿದ: "ಯಜಮಾನ್ರೇ, ಬನ್ನಿ. ಇಲ್ಲಿ ಏನೈತೆ? ಕಲ್ಲೈತೆ, ನಿಮ್ ಹಲಗೆ ಐತೆ. ಮೇಕೆ ಹಲಗೆ ನೆಕ್ಕಿ ಬದುಕ್ತದಾ?" ನಾನು ಆಮೇಲೆ ಬರುತ್ತೇನೆ ಎಂದೆ. "ಆಮೇಲೆ ಅಂದ್ರೆ?" ಎಂದ. ಅಂಜೂರ ಹಣ್ಣಾದಾಗ ಎಂದೆ. ಅವನು ಬೆಟ್ಟದ ಕಡೆ ಒಮ್ಮೆ ನೋಡಿದ, ನನ್ನ ಮುಖ ನೋಡಿದ, ಮಂದೆ ಹೊಡೆಯಲು ಹೋದ. ಹೋಗುವಾಗ ಅವನ ಹೆಂಡತಿ ಎಂಟು ದಿನದ ರೊಟ್ಟಿ ಸುಟ್ಟಿಟ್ಟು ಹೋದಳು. ಅದನ್ನು ನೀರಿನಲ್ಲಿ ಅದ್ದಿಕೊಂಡು ತಿನ್ನುತ್ತೇವೆ. ಗುಡಾರದ ನಡುವಿನ ಪರದೆಯನ್ನು ನಾನು ತೆಗೆದಿಲ್ಲ. ಅದರ ಆಚೆ, ಹೆಂಗಸರ ಕಡೆ, ಬೀಸುವ ಕಲ್ಲು ಇದ್ದ ಹಾಗೇ ಇದೆ. ಊಟಕ್ಕೆ ಕೂತಾಗ ಒಂದೊಂದು ದಿನ ಪರದೆಯ ಕಡೆ ತಿರುಗಿ, ಉಪ್ಪು ಸಾಲದು ಎಂದು ಹೇಳಿಬಿಡುತ್ತೇನೆ. ಯಶೂಬ್ ತಲೆ ತಗ್ಗಿಸಿಕೊಂಡು ತಿನ್ನುತ್ತಾನೆ. ಹನ್ನೊಂದು ತುಂಬಿತು ಅವನಿಗೆ. ನನಗೆ ಕಿವಿ ಕೇಳಿಸುವುದಿಲ್ಲ ಎಂದುಕೊಂಡಿದ್ದಾನೋ ಏನೋ, ಕತ್ತೆಗೆ ನಿನ್ನ ಸುದ್ದಿ ಹೇಳುತ್ತಿರುತ್ತಾನೆ. ನನಗೆ ಹೇಳುವುದಿಲ್ಲ.

ಓದುವವನು ಗಮನವಿಟ್ಟು ಕೇಳಲಿ. ನಾವು ಇಬ್ರಿಯರು, ಮಹಾನದಿ ದಾಟಿ ಬಂದವರು. ಹೆಬ್ರೋನಿನ ಮರಗಳ ಕೆಳಗೆ ದೊಡ್ಡ ಗುಡಾರ ಹಾಕಿದ ಪಿತೃವಿನ ಹೆಸರು ನಿಮ್ಮೂರಲ್ಲೂ ಕೇಳಿರಬೇಕು. ಅವರ ಹಿಂದೆ ನನ್ನ ತಾತನೂ ಏಳು ಕುರಿ ಹೊಡೆದುಕೊಂಡು ಬಂದನಂತೆ. ಆ ಮನೆತನದ ಜಗಳಗಳು ನಮ್ಮ ಕಡೆ ಬಾವಿಕಟ್ಟೆಯ ಮಾತು. ದಾಸಿಯ ಮಗನನ್ನು ಹೊರಗೆ ಕಳಿಸಿದ್ದು, ಆಮೇಲಿನ ಕಾಲದಲ್ಲಿ ಅವಳಿ ಮಕ್ಕಳು ಅಪ್ಪನ ಆಶೀರ್ವಾದಕ್ಕಾಗಿ ಒಬ್ಬರ ಮುಖ ಒಬ್ಬರು ನೋಡದಂತಾದದ್ದು. ಹೇಳುವವರು ಹೇಳುತ್ತಿದ್ದರೆ ನಾನು ಕೊಡ ಇಳಿಸಿ ನಿಂತು, "ಛೆ ಛೆ, ಎಂಥ ಜನಾನಪ್ಪ, ಅಷ್ಟು ದೊಡ್ಡ ದೇವರ ಮಾತು ಕೇಳಿದೋರು ಹಿಂಗಾ ಮಾಡೋದು?" ಎನ್ನುತ್ತಿದ್ದೆ. ನಮ್ಮದು ಸಣ್ಣ ಗುಡಾರ. ನಮಗೆ ದೇವರು ಯಾವತ್ತೂ ಎದುರು ನಿಂತು ಮಾತಾಡಿಲ್ಲ.

ನಮಗೆ ಮಕ್ಕಳಿರಲಿಲ್ಲ. ಯಂತಿನನ ಅಪ್ಪ ನಮ್ಮ ಕುರಿಗಾಹಿ, ಬಾವಿಯ ಮಣ್ಣು ಕುಸಿದು ಹೋದ. ತಾಯಿ ಅದಕ್ಕೂ ಮುಂಚೆಯೇ ಇಲ್ಲ. ಆಗ ಇವನಿಗೆ ಆರು ವರ್ಷ. ಹೊಗ್ಲಾಳ ಸೆರಗು ಹಿಡಿದವನು ಬಿಡಲೇ ಇಲ್ಲ. ಇವನಿಗೆ ಹದಿನೈದಾದಾಗ ನನ್ನ ಅಣ್ಣತಮ್ಮಂದಿರು ಬಂದು, ವಂಶ ನಿಲ್ಲುತ್ತದೆ, ಹೊಗ್ಲಾ ತನ್ನ ದಾಸಿಯೊಬ್ಬಳನ್ನು ಗಂಡನಿಗೆ ಕೊಡಲಿ ಎಂದರು. ಅವಳು ಮೊಸರು ಕಡೆಯುತ್ತಿದ್ದವಳು ಕೈ ನಿಲ್ಲಿಸದೆ ಅಂದಳು: "ಕೊಡ್ತೀನಿ, ಅದಕ್ಕೇನಂತೆ. ಹುಟ್ಟಿದ್ ಮಗೂನ ಹೊತ್ಕೊಂಡು ಅವಳು ನನ್ನ ನೋಡಿ ನಗೋದನ್ನ ನೋಡ್ಕೊಂಡಿರೋಕೆ ಇವರು ಬಂದು ಕೂತ್ಕೋತಾರಂತಾ? ಮಗ ಇಲ್ಲೇ ಅವನಲ್ಲ, ನನ್ ಹಿಂದೇನೇ ಸುತ್ತುತಾವನೆ. ಓದಿದೋರಿಗೆ ಬರೆಯೋಕ್ ಬರ್ತದಲ್ಲ, ಅವನ್ನೇ ಬರ್ಕೊಳ್ಳಿ."

ಬರೆದುಕೊಂಡೆ. ಹಲಗೆಮನೆಯಲ್ಲಿ ನಕಲು ಮಾಡಿಸಿದ್ದ ದತ್ತಿನ ಹಲಗೆ ನೆನಪಿತ್ತು. ಅದೇ ಮಾದರಿಯಲ್ಲಿ, ಪಟ್ಟಣದ ಭಾಷೆಯಲ್ಲೇ ಬರೆದೆ. ಎಲ್ದಾದನೂ ಹೊಗ್ಲಾಳೂ ಯಂತಿನನನ್ನು ಮಗನನ್ನಾಗಿ ಮಾಡಿಕೊಂಡಿದ್ದಾರೆ. ಅವನು ಅವರಿಗೆ ಅನ್ನ ಹಾಕಬೇಕು, ಸತ್ತಾಗ ಅಳಬೇಕು, ಮಣ್ಣು ಮಾಡಬೇಕು. ಮುಂದೆ ಹೊಟ್ಟೆಯ ಮಗ ಹುಟ್ಟಿದರೆ ದೊಡ್ಡ ಪಾಲು ಅವನಿಗೆ, ಚಿಕ್ಕದು ಯಂತಿನನಿಗೆ. ಮತ್ತು ಅಪ್ಪನಾದವನು ಸಾಕ್ಷಿಗಳ ಮುಂದೆ "ನೀನು ನನ್ನ ಮಗನಲ್ಲ" ಎಂದರೆ ಗುಡಾರ, ಮಂದೆ ಎಲ್ಲವನ್ನೂ ಮಗನಿಗೆ ಬಿಟ್ಟು ಬರಿಗೈಯಲ್ಲಿ ಹೊರಡಬೇಕು.

ನಮ್ಮ ಮಾತಿನಲ್ಲಿ ಅರ್ಥ ಹೇಳಿದಾಗ ಹೊಗ್ಲಾ ಬಿದ್ದು ಬಿದ್ದು ನಕ್ಕಳು. "ನಮ್ ಗುಡಾರಗಳಲ್ಲಿ ದಿನಕ್ಕೆ ಹತ್ತು ಸಲ ಅಂತೀವಿ, ನೀ ನನ್ ಮಗನೇ ಅಲ್ಲ ಹೋಗೋ ಅಂತ. ಹಂಗಾದ್ರೆ ತಾಯಂದಿರೆಲ್ಲ ದಿನಾ ಗುಡಾರ ಬಿಟ್ಟು ಹೊರಡಬೇಕಾ?" ಇಲ್ಲ ಮಾರಾಯ್ತಿ, ನಮ್ಮ ಮಾತಿನಲ್ಲಿ ಅಂದರೆ ಅದು ಬೈಗುಳ, ಪಟ್ಟಣದ ಭಾಷೆಯಲ್ಲಿ, ಪಟ್ಟಣದ ಸಾಕ್ಷಿಗಳ ಮುಂದೆ ಅಂದರೆ ಮಾತ್ರ ನ್ಯಾಯ, ಎಂದು ವಿವರಿಸಿದೆ. ಅವಳು ನಗುತ್ತಲೇ ಹಾಲು ಕರೆಯಲು ಎದ್ದುಹೋದಳು. ಆಮೇಲೆ, ಯಂತಿನ್, ನೀನು ಕೇಳಿದೆ, ನೆನಪಿದೆಯೇ? ಆ ಮಾತು ಆ ಭಾಷೆಯಲ್ಲಿ ಹೇಗಿರುತ್ತದೆ ಅಪ್ಪಾ ಎಂದು. ಉಲ್ ಮಾರೀ ಅತ್ತಾ. ಉಲ್ ಅಂದರೆ ಅಲ್ಲ. ಮಾರೀ, ನನ್ನ ಮಗ. ಅತ್ತಾ, ನೀನು. ಇಡೀ ಹಲಗೆಯಲ್ಲಿ ನಿನಗೆ ಬಾಯಿಗೆ ಬಂದದ್ದು ಆ ಸಾಲೊಂದೇ. ಅದರಲ್ಲಿ ಇನ್ನೊಂದು ಸೂಕ್ಷ್ಮವಿದೆ ಎಂದು, ಗೊತ್ತಿದ್ದನ್ನೆಲ್ಲ ಹೇಳಿಬಿಡುವ ಚಪಲದಲ್ಲಿ ಅದನ್ನೂ ಹೇಳಿದೆ. ಮಾತಿನ ಬಾಲವನ್ನು, ಅಂದರೆ ಕೊನೆಯ ದನಿಯನ್ನು, ಇಳಿಸಿದರೆ ಅದು ತೀರ್ಪು. ಬಾಲವನ್ನು ಎತ್ತಿದರೆ ಅದೇ ಮೂರು ಪದ ಪ್ರಶ್ನೆಯಾಗುತ್ತದೆ, ನೀನು ನನ್ನ ಮಗನಲ್ಲವೇ ಎಂದು. ನೀನು ಹೊಟ್ಟೆ ಹಿಡಿದುಕೊಂಡು ನಕ್ಕೆ. "ಬಾಲ ಎತ್ತಿದ್ರೆ ಮಗ, ಇಳಿಸಿದ್ರೆ ಅಲ್ಲ! ಇದೇನಪ್ಪ ನಮ್ ನಾಯಿ ಕಲಿಸಿದ ಭಾಷೆ ಇದ್ದಂಗೈತೆ."

ಐದು ವರ್ಷದ ಮೇಲೆ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ, ಹೊಗ್ಲಾ ಬಸುರಾದಳು. ಸುತ್ತಲಿನ ಗುಡಾರದ ಹೆಂಗಸರು ಸುಳ್ಳೋ ನಿಜವೋ ಎಂದು ಹೊಟ್ಟೆ ಮುಟ್ಟಿ ನೋಡಲು ಬರುತ್ತಿದ್ದರು. ಯಶೂಬ್ ಹುಟ್ಟಿದ. ಹುಟ್ಟಿದ ಮಗುವನ್ನು ಮೊದಲು ನಿನ್ನ ಮೊಣಕಾಲ ಮೇಲೆ ಇಟ್ಟಳು, ನನ್ನದರ ಮೇಲೆ ಅಲ್ಲ. ಅದೇನು ದೊಡ್ಡ ವಿಷಯವಲ್ಲ, ನಾನು ಬಾಗಿಲ ಹೊರಗಿದ್ದೆ. ಸುಮ್ಮನೆ ನೆನಪಾಯಿತು. ದೊಡ್ಡ ಪಾಲು ತಪ್ಪಿತು ಎಂದು ನಿನ್ನ ಮುಖದಲ್ಲಿ ಒಂದು ಗೆರೆ ಕಾಣುತ್ತದೇನೋ ಎಂದು ನಾನು ಎಷ್ಟೋ ದಿನ ಹುಡುಕಿದೆ. ಕಾಣಲಿಲ್ಲ. ನೀನು ಅವನನ್ನು ಹೆಗಲ ಮೇಲೆ ಹೊತ್ತುಕೊಂಡು ಮೇಯಿಸಲು ಹೋಗುತ್ತಿದ್ದೆ. ಅವನ ಮೊದಲ ಮಾತು ಅಪ್ಪ ಅಲ್ಲ, ಅಣ್ಣ.

ಈಗ ಉಣ್ಣೆ ಕತ್ತರಿಸಿದ ದಿನದ ಮಾತು. ಬರೆಯದೆ ವಿಧಿಯಿಲ್ಲ.

ಮೂರು ವರ್ಷವಾಯಿತು. ಹಾರಾನಿನ ಉಣ್ಣೆ ವ್ಯಾಪಾರಿ ಅದ್ದಾಯ ತನ್ನ ಇಬ್ಬರು ಗುಮಾಸ್ತರೊಂದಿಗೆ ಬಂದಿದ್ದ. ಕತ್ತರಿಸಿ ಮುಗಿದಿತ್ತು, ಎಲ್ಲರ ಮೈಗೂ ಉಣ್ಣೆಯ ಜಿಡ್ಡು. ಒಂದು ಟಗರು ಸುಟ್ಟಿದ್ದರು, ಜವೆಯ ಕಳ್ಳು ಗಡಿಗೆಗಳಲ್ಲಿ ನೊರೆಯುತ್ತಿತ್ತು. ಅದ್ದಾಯ ಇಡೀ ದಿನ ನಿನ್ನ ಜೊತೆಗೇ ಮಾತಾಡಿದ್ದ, ನಿನ್ನ ಜೊತೆಗೇ ತೂಗಿದ್ದ. ಊಟಕ್ಕೆ ಕೂತಾಗ ಅವನು ನನ್ನ ಕಡೆ ತಿರುಗಿ, ಪಟ್ಟಣದ ಭಾಷೆಯಲ್ಲಿ, ಈ ಯುವಕ ನಿನಗೆ ಏನಾಗಬೇಕು ಎಂದು ಕೇಳಿದ. ನಾನು ಬಟ್ಟಲು ಹಿಡಿದುಕೊಂಡೇ ಎದ್ದು ನಿಂತೆ. ನಿನ್ನ ಕಡೆ ನೋಡಿದೆ. ಎಲ್ಲರೂ ಕೇಳುವ ಹಾಗೆ ಆ ಮೂರು ಪದ ಹೇಳಿದೆ.

ಕುರಿಗಾಹಿಗಳಿಗೆ ಅರ್ಥವಾಗಲಿಲ್ಲ, ಯಜಮಾನರು ಪಟ್ಟಣದ ಮಾತಾಡಿದರು ಎಂದು ಖುಷಿಯಿಂದ ಕೂಗಿದರು. ಹೆಂಗಸರ ಕಡೆಯಿಂದ ಹೊಗ್ಲಾ ಇಣುಕಿ ನೋಡಿ ನಕ್ಕಳು. ಅದ್ದಾಯನ ಬಟ್ಟಲು ಮಾತ್ರ ತುಟಿಯ ಹತ್ತಿರವೇ ನಿಂತಿತು. ಇಬ್ಬರು ಗುಮಾಸ್ತರೂ ಅಗಿಯುವುದನ್ನು ನಿಲ್ಲಿಸಿದರು. ಅದ್ದಾಯ ನಿಧಾನವಾಗಿ, ಇದು ಆಟದ ಮಾತೋ ನ್ಯಾಯದ ಮಾತೋ ಎಂದು ಕೇಳಿದ. ನ್ಯಾಯದ್ದು ಎಂದಿದ್ದರೆ ಅವತ್ತು ಸಂಜೆಯೇ ಈ ಗುಡಾರ, ಈ ಮಂದೆ, ನಾನು ಹಿಡಿದಿದ್ದ ಆ ಬಟ್ಟಲು ಕೂಡ ನಿನ್ನದಾಗುತ್ತಿತ್ತು. ನಾನು ಬಾಯಿ ತೆರೆಯುವ ಮುಂಚೆ ನೀನು ಎದ್ದೆ. ನಗುತ್ತಾ ಅಂದೆ: "ನಮ್ಮಪ್ಪಂಗೆ ನಿಮ್ ಭಾಷೆ ಅರ್ಧ ಮರೆತೋಗೈತೆ ಸ್ವಾಮಿ. ಬಾಲ ಎತ್ತೋದ್ ಮರೆತ್ರು. ನೀ ನನ್ ಮಗನಲ್ಲವೇನೋ ಅಂತ ಕೇಳ್ತಾವ್ರೆ, ಅಷ್ಟೇಯ." ಅದ್ದಾಯನಿಗೆ ನಗು ತಡೆಯಲಾಗಲಿಲ್ಲ. ಗುಮಾಸ್ತರು ಹಲಗೆಮನೆಯಲ್ಲಿ ತಾವು ಮಾಡಿದ ಇಂಥ ತಪ್ಪುಗಳನ್ನು ಹೇಳತೊಡಗಿದರು. ನೀನು ನನ್ನ ಬಟ್ಟಲಿಗೆ ಮತ್ತೆ ಕಳ್ಳು ಸುರಿದೆ. ಸುರಿಯುವಾಗ ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ನಿನ್ನ ಚಾಪೆ ಸುತ್ತಿಟ್ಟಿತ್ತು. ಮಂದೆಯ ಕೋಲು ನನ್ನ ಗುಡಾರದ ಕಂಬಕ್ಕೆ ಒರಗಿತ್ತು. ಒಂದು ನೀರಿನ ಚೀಲ ಬಿಟ್ಟರೆ ಏನೂ ಕಾಣೆಯಾಗಿರಲಿಲ್ಲ. ಅದ್ದಾಯನ ಕತ್ತೆಗಳ ಜೊತೆ ನೀನು ಉತ್ತರಕ್ಕೆ ಹೋದೆ ಎಂದು ಗೇರ ಹೇಳಿದ.

ಯಂತಿನ್, ನೀನು ಅವರಿಗೆ ಹೇಳಿದ್ದೇ ಸರಿ. ನಾನು ಹೆಮ್ಮೆಯಿಂದ, ನೀನು ನನ್ನ ಮಗನಲ್ಲವೇ ಎಂದು ಕೇಳಲು ಹೋಗಿದ್ದೆ. ನಾಲಿಗೆ ತೊಡರಿತು, ಬಾಲ ಇಳಿಯಿತು. ಎರಡು ಚಳಿಗಾಲದ ಓದು ಇಷ್ಟು ವರ್ಷ ಎಲ್ಲಿ ಉಳಿಯುತ್ತದೆ, ನೀನೇ ಹೇಳು. ಅದು ನಿನಗೂ ಗೊತ್ತಿದ್ದ ಮೇ‌ಲೆ ಯಾಕೆ ಹೋದೆ? ಮೂರು ವರ್ಷದಿಂದ ಕೇಳಿದವರಿಗೆಲ್ಲ ನಾನು ಇದನ್ನೇ ಹೇಳಿದ್ದೇನೆ: ಹುಡುಗ ತಪ್ಪು ತಿಳಿದುಕೊಂಡ.

ಹೊಗ್ಲಾಳಿಗೆ ಮಾತ್ರ ಬೇರೆ ಹೇಳಿದೆ. ನಿನಗೆ ಹೆಣ್ಣು ನೋಡಲು ಹಾರಾನಿಗೆ ಕಳಿಸಿದ್ದೇನೆ ಎಂದೆ. ನಮ್ಮವರೆಲ್ಲ ಹೆಣ್ಣು ತರುವುದು ಅಲ್ಲಿಂದಲೇ ಅಲ್ಲವೇ, ಅವಳು ತಕ್ಷಣ ನಂಬಿದಳು. "ನಂಗೆ ಹೇಳದೇ ಹೋದ್ನಾ?" ಎಂದು ಒಂದೇ ಸಲ ಕೇಳಿದಳು. ನಾಚಿಕೆ ಅವನಿಗೆ ಎಂದೆ. ಅದಕ್ಕೂ ನಕ್ಕಳು. ಅವತ್ತೇ ಮಗ್ಗ ನೆಲಕ್ಕೆ ಹೂಡಿ ಸೊಸೆಗೆ ಮುಸುಕು ನೇಯಲು ಕೂತಳು. "ಹುಡುಗಿ ಎತ್ತರಾನೋ ಕುಳ್ಳೋ? ಎಷ್ಟುದ್ದ ನೇಯಲಿ?" ಎಂದಳು. ಏನು ಹೇಳಲಿ? ನಿನ್ನಷ್ಟೇ ಇರಬಹುದು ಎಂದೆ. ತನ್ನ ಅಳತೆಗೇ ನೇಯ್ದಳು. ಉತ್ತರದಿಂದ ಯಾರೇ ಬಂದರೂ ರೊಟ್ಟಿ ಕೊಟ್ಟು, "ನಮ್ ಹುಡುಗನ್ನ ಕಂಡ್ರಾ, ಬಲಗಣ್ಣಿನ ಹತ್ರ ಮಚ್ಚೆ ಐತೆ" ಎಂದು ಕೇಳುತ್ತಿದ್ದಳು. ಅಲ್ಲಿ ಮಾವ ಆಗುವವನು ವರ್ಷಗಟ್ಟಲೆ ದುಡಿಸಿಕೊಂಡೇ ಹೆಣ್ಣು ಕೊಡುವುದು ಎಂದು ನಾನೇ ಸಮಾಧಾನ ಹೇಳುತ್ತಿದ್ದೆ.

ಇಷ್ಟು ಹೊತ್ತಿಗೆ ನಿನಗೆ ತಿಳಿದಿರಬೇಕು. ನಿನ್ನೆ ಇಡೀ ಹಲಗೆ ಮೇಕೆಗಳಿಂದ ತುಂಬಿಸಿದ್ದು ಇದನ್ನು ಬರೆಯಲಾರದೆ. ಓದುವವನೇ, ಇಲ್ಲಿ ಸ್ವಲ್ಪ ನಿಧಾನವಾಗಿ ಓದು, ಅವನು ಕೂತಿದ್ದಾನೆಯೇ ನೋಡು. ಯಂತಿನ್, ನಿನ್ನ ಅವ್ವ ಇಲ್ಲ. ಕಳೆದ ಚಳಿಗಾಲವಲ್ಲ, ಅದರ ಹಿಂದಿನದು. ಜ್ವರ ಬಂತು, ಆರು ದಿನ ಇತ್ತು. ಕೈ ಒಲೆಯ ಕಲ್ಲಿನ ಹಾಗೆ ಸುಡುತ್ತಿತ್ತು. ಆ ಮುಸುಕನ್ನೇ ಸುತ್ತಿದೆವು, ಅಳತೆ ಸರಿಹೋಯಿತು. ನಿನಗೆ ಸುದ್ದಿ ಕಳಿಸಲಿಲ್ಲ. ಕತ್ತೆಗಳ ಸಾಲು ಬರಲಿಲ್ಲ ಎಂದು ಬರೆಯಬಹುದಿತ್ತು. ಬಂದವು, ಎರಡು ಸಲ. ಹೆಣ್ಣು ನೋಡಲು ಹೋದವನಾಗಿದ್ದರೆ ಬರೆಯುತ್ತಿದ್ದೆ, ಬಿಟ್ಟು ಹೋದವನಿಗೆ ಏನೆಂದು ಬರೆಯಲಿ?

ಬೆಟ್ಟದ ಗವಿಯಲ್ಲಿ ಇಟ್ಟಿದ್ದೇವೆ, ನೀನು ಬೇಸಿಗೆಯಲ್ಲಿ ಟಗರುಗಳನ್ನು ನೆರಳಿಗೆ ಕಟ್ಟುತ್ತಿದ್ದ ಗವಿ. ಗೇರ ಮತ್ತವನ ಅಣ್ಣ ಬಾಯಿಗೆ ಕಲ್ಲು ಜೋಡಿಸಿದರು. ಕೊನೆಯ ಕಲ್ಲು ಎತ್ತಿದಾಗ ನಾನು ತಡೆದೆ. ಹಲಗೆಯಲ್ಲಿ ಬರೆದಿದೆಯಲ್ಲ, ಅಳುವವನು, ಮಣ್ಣು ಮಾಡುವವನು ಯಾರು ಎಂದು. ಆ ಸಾಲಿನಲ್ಲಿ ಯಶೂಬನ ಹೆಸರಿಲ್ಲ, ನನ್ನದೂ ಇಲ್ಲ. ಆ ಕಲ್ಲಿನ ಜಾಗ ತಲೆ ತೂರಿಸುವಷ್ಟಿದೆ. ಅವತ್ತಿನಿಂದ ಸಂಜೆ ಹೋಗಿ ಮುಳ್ಳಿನ ಕಟ್ಟು ಅಡ್ಡ ಇಡುತ್ತೇನೆ, ನರಿ ಬಾರದಿರಲಿ ಎಂದು. ಬೆಳಿಗ್ಗೆ ಹೋಗಿ ತೆಗೆಯುತ್ತೇನೆ. ಯಾಕೆ ತೆಗೆಯುತ್ತೇನೋ ತಿಳಿಯದು, ಒಳಗೆ ಬೆಳಕು ಬೇಕೆನಿಸುತ್ತದೆ. ಹೋದ ವರ್ಷ ಗುಡಾರ ಕೀಳಲಿಲ್ಲ, ಮಳೆ ಒಂದಿಷ್ಟು ಕಾಪಾಡಿತು. ಈ ವರ್ಷ ಬಾವಿಯೇ ಹೋಯಿತು. ಅಂಜೂರ ಹಣ್ಣಾಗುವವರೆಗೆ ದೂರದ ಬಾವಿಯವರು ದಿನಕ್ಕೆ ಎರಡು ಚೀಲ ನೀರು ಕೊಡುತ್ತಾರೆ, ಆಮೇಲೆ ಇಲ್ಲ ಎಂದಿದ್ದಾರೆ. ಅವಳನ್ನು ಬಾಯಿ ತೆರೆದ ಗವಿಯಲ್ಲಿ ಬಿಟ್ಟು ಹೋಗಲಾರೆ. ಬೇರೆಯವರ ಕೈಯಲ್ಲಿ ಮುಚ್ಚಿಸಲಾರೆ. ಮಿಬ್ಸಾಮ ಒಂದು ತಿಂಗಳಿಗೆ ಹಾರಾನ್ ಮುಟ್ಟುತ್ತಾನೆ. ಓದಿಸಿಕೊಂಡ ದಿನವೇ ನೀನು ಹೊರಟರೆ, ಅಂಜೂರಕ್ಕೆ ಇಲ್ಲಿರುತ್ತೀಯ.

ಬಾ. ಕೇಳುತ್ತಿರುವುದು ಇಷ್ಟೇ. ಬಂದು ಅವಳಿಗಾಗಿ ಅಳು, ಆ ಕಲ್ಲು ಇಡು. ಆಮೇಲೆ ಇರುವುದು ಬಿಡುವುದು ನಿನ್ನದು.

ಯಾವ ಅಧಿಕಾರದಿಂದ ಕರೆಯುತ್ತೇನೆ ಎಂದು ನೀನು ಕೇಳಬಹುದು. ಆ ಮಾತು ಬಿದ್ದ ಮೇಲೆ ನೀನು ನನಗೆ ಏನೂ ಆಗಬೇಕಾಗಿಲ್ಲ, ಅಳುವ ಹಂಗೂ ಇಲ್ಲ. ಹಲಗೆಮನೆಯಲ್ಲಿ ಮುರಿಯುವ ಸಾಲನ್ನು ಕಲಿಸಿದರು, ಮುರಿದದ್ದನ್ನು ಕೂಡಿಸುವ ಸಾಲನ್ನು ಕಲಿಸಿದ ನೆನಪಿಲ್ಲ. ಒಂದು ಚಳಿಗಾಲವೆಲ್ಲ ಅದನ್ನೇ ಹುಡುಕಿದೆ. ಕೊನೆಗೆ ತೋಚಿದ್ದು ಇದು, ಮೊದಲ ಪದವನ್ನು ಕಿತ್ತು ಎಸೆದರೆ ಸಾಕು. ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ ನಿಂತು, ಬಾಲ ಇಳಿಸಿ, ಹೇಳಿಯೂ ನೋಡಿದೆ. ಗೇರ, "ಯಾರಿಗ್ ಹೇಳ್ತಿದೀರಿ ಯಜಮಾನ್ರೇ, ಟಗರಿಗಾ?" ಎಂದ. ಅವರು ಸಾಕ್ಷಿಯಾಗಲಾರರು, ಅವರಿಗೆ ಆ ಭಾಷೆ ಬಾರದು. ಪಟ್ಟಣದವನೊಬ್ಬ ಕೇಳಿದರೆ ಮಾತ್ರ ಅದು ನ್ಯಾಯ.

ಓದುವವನೇ, ನಿನ್ನನ್ನು ಇಷ್ಟು ಹೊತ್ತು ಕೂರಿಸಿಕೊಂಡದ್ದು ಇದಕ್ಕೆ. ನೀನು ಹಾರಾನಿನವನು, ಭಾಷೆ ಬಲ್ಲವನು. ನೀನೇ ಸಾಕ್ಷಿ. ಎದ್ದು ನಿಲ್ಲು. ಅಕ್ಕಪಕ್ಕದ ಅಂಗಡಿಯವರಿಗೂ ಕೇಳುವಂತೆ, ಗಟ್ಟಿಯಾಗಿ, ಬಾಲ ಇಳಿಸಿ ಓದು. ಎಲ್ದಾದನು ಯಂತಿನನಿಗೆ ಹೇಳುತ್ತಾನೆ: ಮಾರೀ ಅತ್ತಾ.

ಇನ್ನೊಮ್ಮೆ ಓದು.

ಯಶೂಬ್ ನೀರಿನ ಚೀಲಗಳೊಂದಿಗೆ ಏರಿ ಬರುತ್ತಿದ್ದಾನೆ, ಕತ್ತೆಯ ಕೊರಳಿನ ಸದ್ದು ಕೇಳುತ್ತಿದೆ. ಅವನ ಬಗ್ಗೆ ಇನ್ನೂ ಬರೆಯುವುದಿತ್ತು, ಅವನಿಗೆ ಕವಣೆ ಬೀಸುವುದು ಚೆನ್ನಾಗಿ ಬಂದಿದೆ, ಮತ್ತೆ ಆ ಕರಿಯ ಹೋತದ ವಿಷಯ... ಅರೆ, ಗೀರುಗಳ ನೆರಳೇ ಕಾಣುತ್ತಿಲ್ಲವಲ್ಲ. ಓರೆಬಿಸಿಲು ಇದ್ದರಷ್ಟೇ ಕಾಣುವ ಬರಹ ಇದು. ಮಾತಾಡುತ್ತ ಕೂತು ಹೊತ್ತು ನೋಡಲೇ ಇಲ್ಲ. ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ.

ನನಗೆ ಮುದ್ರೆಯಿಲ್ಲ. ಮೇಲುಹೊದಿಕೆಯ ಅಂಚನ್ನು ಮಣ್ಣಿಗೆ ಒತ್ತಿದ್ದೇನೆ. ಅಲ್ಲಿ ಎಳೆ ಬಿಟ್ಟುಹೋಗಿದೆ, ಹೊಲಿಯುವವರಿಲ್ಲ.

ಹಾಗೆ ಬರೆಯಬಹುದಾದರೆ, ನಿನ್ನ ಅಪ್ಪ,
ಎಲ್ದಾದ

ಅಂಚಿನಲ್ಲಿ: ಓದುವವನೇ, ನಿನ್ನ ಕೆಲಸ ಮುಗಿಯಿತು. ಹಲಗೆಯನ್ನು ಅವನ ಕೈಗೆ ಕೊಡು. ಇನ್ನೂ ಬೆರಳಗಲದ ಬಿಸಿಲು ಉಳಿದಿದೆ, ಈ ಅಂಚಿಗೆ ಸಾಕು. ಮೇಕೆ ಮೇಯಿಸುವಾಗ ಮರಳಿನ ಮೇಲೆ ನಾನು ಅವನಿಗೆ ಕಲಿಸಿದ್ದ ಗುರುತುಗಳಲ್ಲೇ ಬರೆಯುತ್ತೇನೆ, ಅವನೇ ಓದಿಕೊಳ್ಳಲಿ.

ಯಂತಿನ್, ನಾಲಿಗೆ ತೊಡರಲಿಲ್ಲ. ಉಣ್ಣೆ ಕತ್ತರಿಸುವ ಮುಂಚೆ ಮೂರು ದಿನ ಗುಡಾರದ ಹಿಂದೆ ಕೂತು ಆ ಪದಗಳನ್ನು ಬಾಯಿಪಾಠ ಮಾಡಿದ್ದೆ, ಬಾಲ ಇಳಿಸಿಯೇ. ಎಲ್ಲ ಬಿಟ್ಟು ಹೋಗಬೇಕಾದವನು ನಾನು ಎಂದೂ ಗೊತ್ತಿತ್ತು. ನೀನು ಹೋಗಿಬಿಡುತ್ತೀಯ ಎಂಬುದು ಅದಕ್ಕಿಂತ ಚೆನ್ನಾಗಿ ಗೊತ್ತಿತ್ತು. ಯಶೂಬನಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ಅಲ್ಲ. ಯಾವ ಮಂದೆಗೆ ಮೊದಲು ನೀರು ಎಂದು ಎಲ್ಲರೂ ನಿನ್ನನ್ನು ಕೇಳುತ್ತಿದ್ದರು, ನಾನು ಪಕ್ಕದಲ್ಲೇ ನಿಂತಿರುತ್ತಿದ್ದೆ. ನೆಪವನ್ನೂ ನೀನೇ ಕೊಟ್ಟೆ. ಮೂರು ವರ್ಷ ಅದನ್ನೇ ಹೊದ್ದು ಮಲಗಿದೆ. ಇದನ್ನು ಓದಿದ ಮೇಲೆ ಬಾರದಿದ್ದರೆ ತಪ್ಪಿಲ್ಲ.

ನಾನು ಬಾಯಿಪಾಠ ಮಾಡುವುದನ್ನು ಹೊಗ್ಲಾ ಕೇಳಿಸಿಕೊಂಡಿದ್ದಳು. ನಿನಗೆ ಹೇಳಲು ನಾನು ಪಟ್ಟಣದ ಆಶೀರ್ವಾದ ಕಲಿಯುತ್ತಿದ್ದೇನೆ ಎಂದುಕೊಂಡು, ತಾನೂ ಕಲಿತಿದ್ದಳು. ಜ್ವರದ ಆರನೆಯ ದಿನ, ಉತ್ತರಕ್ಕೆ ತಿರುಗಿಸಿ ಮಲಗಿಸಿ ಎಂದಳು. ಹಾರಾನಿನ ಕಡೆ ಕೈ ಚಾಚಿ ಆ ಮೂರು ಪದ ಹೇಳಿದಳು. ಭಾಷೆ ಬಾರದವಳು, ಸಂಜೆ ನಿನ್ನನ್ನು ಊಟಕ್ಕೆ ಕೂಗುತ್ತಿದ್ದ ರಾಗದಲ್ಲೇ ಎಳೆದಳು. ಬಾಲ ಮೇಲೆದ್ದಿತು. "ಸರಿಯಾಗ್ ಅಂದ್ನಾ?" ಎಂದು ಕೇಳಿದಳು. ಸರಿಯಾಗಿಯೇ ಅಂದೆ ಎಂದೆ. ನೀನು ಹೋದ ಮೇಲೆ ನಿನ್ನ ವಿಷಯವಾಗಿ ನಾನು ಅವಳಿಗೆ ಹೇಳಿದ ನಿಜ ಅದೊಂದೇ.